ಅಂಚಿನಲ್ಲಿ ಮೇಣ ಉಳಿಯುತ್ತೆ, ಬತ್ತಿಯ ತುದಿಯಲ್ಲಿ ಕರಿ ಗಂಟು ಕಟ್ಟುತ್ತೆ: ದಪ್ಪ ಬತ್ತಿ ಬೇಕಾ, ಸಣ್ಣದು ಬೇಕಾ?

ಪ್ರಶ್ನೆ

ಒಳವ್ಯಾಸ 7.5 ಸೆಂ.ಮೀ. ಇರುವ ಗಾಜಿನ ಜಾರ್‌ನಲ್ಲಿ ಮೇಣದಬತ್ತಿ ಮಾಡಿದ್ದೀನಿ. 200 ಗ್ರಾಂ ಸೋಯಾ ಮೇಣ, 20 ಗ್ರಾಂ ಸುಗಂಧ ತೈಲ, ಬಣ್ಣಕ್ಕೆ ಕ್ರೇಯಾನ್ ಚೂರು. ಹೆಣೆದ ಹತ್ತಿ ಬತ್ತಿ, ಮೊದಲೇ ಮೇಣದಲ್ಲಿ ಅದ್ದಿದ್ದು. ಹಚ್ಚಿದ ಅರ್ಧ ಗಂಟೆ ಜ್ವಾಲೆ ಚೆನ್ನಾಗಿರುತ್ತೆ, ಆಮೇಲೆ ಕುಗ್ಗುತ್ತೆ. 3 ಗಂಟೆಯಾದರೂ ಸುತ್ತ 1 ಸೆಂ.ಮೀ. ಮೇಣ ಕರಗಲ್ಲ, ತುದಿಯಲ್ಲಿ ಅಣಬೆಯಂಥ ಕರಿ ಗಂಟು. ಅಂಚು ಉಳಿದರೆ ದಪ್ಪ ಬತ್ತಿ ಹಾಕಿ ಅಂತಾರೆ, ಗಂಟು ಕಟ್ಟಿದರೆ ಸಣ್ಣದು ಹಾಕಿ ಅಂತಾರೆ. ಎರಡೂ ಒಟ್ಟಿಗೇ ಇದ್ದರೆ?

ಉತ್ತರ 1

ಬತ್ತಿ ಆಮೇಲೆ, ಮೊದಲು ಕ್ರೇಯಾನ್ ಬಿಡಿ. ಅದರ ಬಣ್ಣ ಮೇಣದಲ್ಲಿ ಕರಗುವಂಥದ್ದಲ್ಲ, ಪುಡಿಯಾಗಿ ತೇಲುತ್ತೆ. ಬತ್ತಿ ಮೇಣ ಹೀರುವಾಗ ಆ ಪುಡಿ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತೆ. ಮೇಲಕ್ಕೆ ಮೇಣ ಏರದೆ ಜ್ವಾಲೆ ಕುಗ್ಗುತ್ತೆ, ಬತ್ತಿಯೇ ಸುಟ್ಟು ಕರಿಯಾಗುತ್ತೆ. ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಸೊರಗಿದೆ ಅಂದರೆ ಮೊದಲ ಅನುಮಾನ ಇದರ ಮೇಲೇ. ಮೇಣಕ್ಕೆಂದೇ ಮಾಡಿದ, ಎಣ್ಣೆಯಲ್ಲಿ ಕರಗುವ ಬಣ್ಣ ಬಳಸಿ.

ತೈಲವೂ ಜಾಸ್ತಿಯಾಯ್ತು. 100 ಗ್ರಾಂ ಮೇಣಕ್ಕೆ 6 ಗ್ರಾಂನಿಂದ ಶುರು ಮಾಡಿ. ಮೇಣ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಹಾಕಿ, 2 ನಿಮಿಷ ನಿಧಾನವಾಗಿ ಕಲಕಿ. ಸರಿಯಾಗಿ ಬೆರೆಯದ ತೈಲ ಗಂಟು ಕಟ್ಟೋಕೆ ದೊಡ್ಡ ಕಾರಣ.

ಉತ್ತರ 2

ಮೇಲಿನದ್ದು ಸರಿ. ಅದನ್ನು ತಿದ್ದಿದ ಮೇಲೆ ಅದೇ ಬತ್ತಿಯನ್ನೇ ಪರೀಕ್ಷಿಸಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಸೋಯಾ ಮೇಣ ಹದಕ್ಕೆ ಬರಲು ಒಂದೆರಡು ವಾರ ಬಿಡಿ. ಪ್ರತಿ ಸಲ ಹಚ್ಚುವ ಮುಂಚೆ ಬತ್ತಿಯನ್ನು 5–6 ಮಿ.ಮೀ.ಗೆ ಕತ್ತರಿಸಿ, ಕರಿ ಚೂರು ಮೇಣಕ್ಕೆ ಬೀಳದಂತೆ ತೆಗೆಯಿರಿ. ಗಾಳಿ ಇಲ್ಲದ ಕಡೆ ಇಡಿ. ಜ್ವಾಲೆ ಒಂದೇ ಕಡೆಗೆ ವಾಲಿದರೆ ಆ ಬದಿಯ ಗಾಜಿಗೆ ಮಸಿ ಹತ್ತುತ್ತೆ, ತಪ್ಪು ಬತ್ತಿಯದ್ದಾಗಿರಲ್ಲ.

ಪ್ರತಿ 2.5 ಸೆಂ.ಮೀ. ವ್ಯಾಸಕ್ಕೆ ಸುಮಾರು 1 ಗಂಟೆ ಲೆಕ್ಕ, ಅಂದರೆ ನಿಮ್ಮದಕ್ಕೆ 3 ಗಂಟೆ. ಆದರೆ ಮೊದಲ ಸಲವೇ ಅಂಚಿನವರೆಗೂ ಕರಗಲೇಬೇಕು ಅಂತ ಹಟ ಬೇಡ. ಮೇಣ ಇಳಿದಂತೆ ಜ್ವಾಲೆ ಜಾರ್‌ನ ಒಳಗಾಗುತ್ತೆ, ಗೋಡೆ ಬಿಸಿಯಾಗಿ ಮೇಲೆ ಉಳಿದಿದ್ದ ತೆಳು ಪದರ ತಾನಾಗಿ ಕರಗುತ್ತೆ. ಮೊದಲ ಗಂಟೆಯಲ್ಲೇ ಗಾಜಿನವರೆಗೂ ಮೇಣ ಕರಗಿಸುವ ಬತ್ತಿ, ಮೇಣ ಅರ್ಧಕ್ಕೆ ಇಳಿದಾಗ ಜಾರನ್ನು ಅತಿಯಾಗಿ ಕಾಯಿಸುತ್ತೆ. ಹಾಗಾಗಿ ತಳದ ಹತ್ತಿರದವರೆಗೂ ಉರಿಸಿ ನೋಡದೆ ಬತ್ತಿ ಆಯ್ಕೆ ಮಾಡಬೇಡಿ. ಕರಗಿದ ಮೇಣದ ಆಳ 6ರಿಂದ 12 ಮಿ.ಮೀ. ಇದ್ದರೆ ಸರಿ. ಅಷ್ಟಾದರೂ ಅರ್ಧದಲ್ಲಿ ದಪ್ಪ ಅಂಚು ಉಳಿದರೆ ಆಗ ಒಂದು ಅಳತೆ ಮೇಲಕ್ಕೆ ಹೋಗಿ.

ಪ್ರಶ್ನೆ ಕೇಳಿದವರು

ಈಗಾಗಲೇ ಗುಂಡಿ ಬಿದ್ದಿರುವ ಮೇಣದಬತ್ತಿಗೆ ಏನು ಮಾಡಲಿ?

ಉತ್ತರ 1

ಜಾರ್ ಬಾಯಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ನಡುವೆ ಜ್ವಾಲೆಗೆ ಅಗಲವಾದ ತೂತು ಬಿಡಿ. ಬಿಸಿ ಒಳಗೇ ನಿಂತು ಅಂಚು ಕರಗುತ್ತೆ. ಪಕ್ಕದಲ್ಲೇ ಕೂತು ನೋಡಿಕೊಳ್ಳಿ, ಹಾಳೆ ಸುಡುತ್ತೆ, ಬರಿಗೈಲಿ ತೆಗೆಯಬೇಡಿ. ಮಟ್ಟವಾದ ಮೇಲೆ ಬತ್ತಿ ಮುಳುಗಿದ್ದರೆ, ಆರಿಸಿ, ಸ್ವಲ್ಪ ಕರಗಿದ ಮೇಣವನ್ನು ಪೇಪರ್ ಟವೆಲ್‌ನಿಂದ ಹೀರಿ ತೆಗೆಯಿರಿ. ತಳದಲ್ಲಿ 1 ಸೆಂ.ಮೀ. ಮೇಣ ಉಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಗಾಜು ಸೀಳಬಹುದು.