ಸ್ವಿಚ್ ಆಫ್ ಆದರೂ ಕರೆಂಟ್ ಇರುವ ತಂತಿಗೆ ಏನನ್ನಬೇಕು?

ಒಂದು ಪದ ಬೇಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. 2024ರ ಫೆಬ್ರವರಿಯಲ್ಲಿ ಮನೆ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆ ಬಂದ ಮೇಲೆ, 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಅಂತ ಕೇಳಿ, ನಮ್ಮ ಬೀದಿಯಲ್ಲೂ ಹಲವರು ಮಹಡಿ ಮೇಲೆ ಪ್ಯಾನಲ್ ಹಾಕಿಸಿದ್ದಾರೆ. ಅವರಲ್ಲಿ ಕೆಲವರು ಸಣ್ಣಪುಟ್ಟ ರಿಪೇರಿಗೆ ಯಾರನ್ನೂ ಕರೆಯುವುದಿಲ್ಲ, ತಾವೇ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ಅಂಥವರಿಗಾಗಿ ಇನ್ವರ್ಟರ್ (ಪ್ಯಾನಲ್ಲಿನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಮಾಡುವ ಪೆಟ್ಟಿಗೆ) ಪಕ್ಕ ಅಂಟಿಸಲು ಒಂದು ಚೀಟಿ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಇರಬೇಕು, ಓದಿದ ಕೂಡಲೇ ಅರ್ಥವಾಗಬೇಕು. 'ಆಫ್' ಅನ್ನುವ ಕಡೆ ಬಂದು ನಿಂತಿದ್ದೇನೆ.

ನಾವು 'ಆಫ್ ಮಾಡಿದೆ' ಅಂದರೆ ಕರೆಂಟ್ ಹೋಯಿತು, ಇನ್ನು ಮುಟ್ಟಬಹುದು ಅಂತಲೇ ಅರ್ಥ. ಸೋಲಾರಿನಲ್ಲಿ ಹಾಗಲ್ಲ. ಪ್ಯಾನಲ್ಲಿಗೆ ಸ್ವಿಚ್ಚೇ ಇಲ್ಲ. ಪ್ಯಾನಲ್ಲಿನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಕೆಳಗೆ ಅದರ ಡಿಸಿ ಸ್ವಿಚ್ ಆಫ್ ಮಾಡಿದರೆ ಇನ್ವರ್ಟರಿಗೆ ಬರುವುದು ನಿಲ್ಲುತ್ತದೆ, ಆದರೆ ಮಹಡಿಯಿಂದ ಆ ಸ್ವಿಚ್ಚಿನವರೆಗೆ ಬಂದಿರುವ ಎರಡು ತಂತಿಗಳಲ್ಲಿ ಬೆಳಕು ಇರುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ. ಮೋಡ ಮುಸುಕಿದರೆ ಪವರ್ ಬೀಳುತ್ತದೆ, ವೋಲ್ಟೇಜ್ ಅಷ್ಟೇನೂ ಬೀಳುವುದಿಲ್ಲ. ಈಗಿನ ದೊಡ್ಡ ಪ್ಯಾನಲ್ ಒಂದರಲ್ಲಿ 40ರಿಂದ 50 ವೋಲ್ಟ್ ಇರುತ್ತದೆ. ಎಂಟನ್ನು ಒಂದರ ಹಿಂದೆ ಒಂದು ಜೋಡಿಸಿದರೆ 320ರಿಂದ 400. ಅದೂ ಡಿಸಿ. ಮನೆಯ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್, ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ಹತ್ತಿದರೂ ಆರಲು ಅವಕಾಶ ಸಿಗುತ್ತದೆ, ಡಿಸಿಯಲ್ಲಿ ಆ ಬಿಡುವೇ ಇಲ್ಲ, ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಕರೆಂಟ್ ಹರಿಯುತ್ತಿರುವಾಗ ಪ್ಯಾನಲ್ ಕನೆಕ್ಟರ್ ಎಳೆಯಬಾರದು ಅನ್ನುವುದು ಇದಕ್ಕೇ. ಎಸಿಗೆ ಮಾಡಿದ ಎಂಸಿಬಿಯನ್ನು (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಡಿಸಿ ಕಡೆ ಹಾಕಬಾರದು ಅನ್ನುವುದೂ ಇದಕ್ಕೇ.

ಹೀಗೆ ಸ್ವಿಚ್ ಆಫ್ ಆದರೂ ಕರೆಂಟ್ ಉಳಿದಿರುವ ತಂತಿಗೆ ಏನು ಹೇಳುವುದು?

ಶಾಲೆಯ ಪುಸ್ತಕದಲ್ಲಿ 'ಸಜೀವ ತಂತಿ' ಇದೆ. ತಪ್ಪಿಲ್ಲ, ಆದರೆ ಪರೀಕ್ಷೆ ಬರೆದ ಮೇಲೆ ಅದನ್ನು ಯಾರೂ ಬಾಯಲ್ಲಿ ಆಡಿದ್ದು ಕೇಳಿಲ್ಲ. ಎಲೆಕ್ಟ್ರಿಷಿಯನ್ನರು 'ಫೇಸ್ ಇದೆ' ಅನ್ನುತ್ತಾರೆ, ಡಿಸಿಯಲ್ಲಿ ಫೇಸ್ ಎಲ್ಲಿಂದ ಬರಬೇಕು? ಲೈನ್‌ಮನ್‌ಗಳ ಬಾಯಲ್ಲಿ ಒಳ್ಳೆಯ ಮಾತಿದೆ, 'ಲೈನ್ ಚಾರ್ಜ್ ಇದೆ' ಅಂತ. ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಅನುಮತಿ, ತೆಗೆದುಕೊಳ್ಳದೆ ಕಂಬ ಹತ್ತಬಾರದು ಅನ್ನುವವರ ಮಾತು ಅದು, ತೂಕ ಇದೆ. ತೊಂದರೆ ಏನೆಂದರೆ ಮನೆಯವರಿಗೆ 'ಚಾರ್ಜ್ ಇದೆ' ಅಂದರೆ ಮೊಬೈಲೋ ಬ್ಯಾಟರಿಯೋ ನೆನಪಾಗುತ್ತದೆ, ಒಳ್ಳೆಯದೇ ಆಯಿತು ಅನ್ನಿಸುತ್ತದೆ! ನಾನೇ 'ಆರದ ತಂತಿ' ಅಂತ ಬರೆದು ನೋಡಿದೆ. ದೀಪ ಆರುವ ಅರ್ಥದಲ್ಲಿ ಸರಿಯಾಗಿದೆ, ಆದರೆ ಬಟ್ಟೆ ಆರುವುದೂ ಅದೇ ಅಲ್ವಾ? ಮಳೆಗಾಲದಲ್ಲಿ ಓದಿದವರು ತಂತಿ ಒದ್ದೆ ಇದೆ ಅಂದುಕೊಂಡರೆ ಕಷ್ಟ.

ಇನ್ನೊಂದು ಕಡೆ ಇದಕ್ಕಿಂತ ಜಾಸ್ತಿ ಭಯ ಇದೆ. ಮನೆ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಅಂತ ರೂಢಿ. ಅದರಿಂದ 'ಕಪ್ಪು ವೈರ್ ಏನೂ ಮಾಡಲ್ಲ' ಅನ್ನುವ ಮಾತು ಹುಟ್ಟಿದೆ. ಮನೆಯೊಳಗೂ ಅದನ್ನು ನಂಬಬಾರದು. ಸೋಲಾರಿನ ಡಿಸಿ ಕಡೆ ಕೆಂಪು ಪ್ಲಸ್, ಕಪ್ಪು ಮೈನಸ್, ಎರಡೂ ಒಂದೇ ಸಮ ಅಪಾಯ. ನಿಯಾನ್ ಬಲ್ಬಿನ ಟೆಸ್ಟರ್ ಇಟ್ಟು ನೋಡಿ, ಹತ್ತಲಿಲ್ಲ, ಕರೆಂಟ್ ಇಲ್ಲ ಅನ್ನುವವರಿದ್ದಾರೆ. ಆ ಟೆಸ್ಟರ್ ಇಲ್ಲಿ ನಂಬುವಂಥದ್ದಲ್ಲ. ಡಿಸಿಗೆ ಇಟ್ಟ, ಅಷ್ಟು ವೋಲ್ಟೇಜ್ ತಡೆಯುವ ಮೀಟರ್ ಬೇಕು, ಅದನ್ನು ಹಿಡಿಯಲು ತಿಳಿದವರೂ ಬೇಕು. ಹಾಗಾಗಿ ಚೀಟಿಯಲ್ಲಿ ಡಿಸಿ ಕಪ್ಪು ತಂತಿಯನ್ನು ಅಪ್ಪಿತಪ್ಪಿಯೂ 'ನ್ಯೂಟ್ರಲ್' ಅನ್ನಬಾರದು. 'ಮೈನಸ್' ಸಾಕು ಅಂತ ನನಗೆ ಅನ್ನಿಸುತ್ತದೆ, ಟಾರ್ಚಿಗೆ ಸೆಲ್ ಹಾಕಿದವರಿಗೆಲ್ಲ ಗೊತ್ತಿರುವ ಮಾತು.

'ಇನ್ವರ್ಟರ್' ಬಗ್ಗೆಯೂ ಒಂದು ಮಾತು. ಬೆಂಗಳೂರು ಕಡೆ ಬ್ಯಾಟರಿ ಇರುವ ಪೆಟ್ಟಿಗೆಗೆ ಯುಪಿಎಸ್ ಅಂತಲೂ ಇನ್ವರ್ಟರ್ ಅಂತಲೂ ಅನ್ನುತ್ತಾರೆ. ಹೀಗಾಗಿ ಸೋಲಾರ್ ಇನ್ವರ್ಟರ್ ಬಂದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಅಂದುಕೊಳ್ಳುತ್ತಾರೆ. ಕಂಬದ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಇನ್ವರ್ಟರ್ ಆಗ ತಾನಾಗೇ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವವರಿಗೆ ನಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದು, ಕೆಟ್ಟಿದ್ದಲ್ಲ.

ಕೊನೆಗೆ 'ಅರ್ಥ್'. ಗೀಸರ್ ಮುಟ್ಟಿದಾಗ ಜುಂ ಅಂದರೆ 'ಅರ್ಥ್ ಹೊಡೆಯುತ್ತಿದೆ' ಅನ್ನುವುದನ್ನು ತುಂಬಾ ಕೇಳಿದ್ದೇನೆ. ಕಾಪಾಡುವ ತಂತಿಯ ಹೆಸರೇ ಹೊಡೆಯುವುದಕ್ಕೆ ಬಂದಿದೆ. ಇದನ್ನು ಕೇಳಿ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕಿದರೆ ಗತಿ ಏನು? 'ಕರೆಂಟ್ ಸೋರುತ್ತಿದೆ' ಅನ್ನುವುದೇ ನನಗೆ ಸರಿ ಕಾಣುತ್ತದೆ. ಹಾಗಂದರೆ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಬೀಳುವ ಸ್ವಿಚ್) ಯಾಕೆ ಬೇಕು ಅನ್ನುವುದೂ ಸುಲಭವಾಗಿ ಹೇಳಬಹುದು. 16 ಆಂಪಿಯರ್ ಎಂಸಿಬಿ ವೈರು ಸುಡದಂತೆ ನೋಡಿಕೊಳ್ಳುತ್ತದೆ, ಮೈಯಲ್ಲಿ ಹರಿಯುವಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಿಡಿಯುವುದು ಆ ಸೋರಿಕೆಯನ್ನೇ. ಈಗ ಎರಡಕ್ಕೂ 'ಟ್ರಿಪ್ ಆಯ್ತು' ಅಂತಷ್ಟೇ ಅನ್ನುತ್ತೇವೆ.

ಇವಕ್ಕೆಲ್ಲ ಹೇಗೋ ದಾರಿ ಸಿಗುತ್ತದೆ, ಮೊದಲನೆಯದಕ್ಕೆ ಸಿಕ್ಕಿಲ್ಲ. ಸದ್ಯಕ್ಕೆ ಚೀಟಿಯಲ್ಲಿ 'ಬೆಳಕಿದ್ದರೆ ಈ ತಂತಿಗಳಲ್ಲಿ ಕರೆಂಟ್ ಇದೆ. ಸ್ವಿಚ್ ಆಫ್ ಆದರೂ ಇದೆ' ಅಂತ ಬರೆದಿದ್ದೇನೆ. ದೂರದಿಂದ ಓದುವಂತೆ ಒಂದೆರಡು ಪದ ದಪ್ಪಕ್ಷರದಲ್ಲಿ ಮೇಲೆ ಬೇಕು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಲೈನ್‌ಮನ್‌ಗಳು, ಪಂಪ್‌ಸೆಟ್ ರಿಪೇರಿಯವರು ಇಂಥ ತಂತಿಗೆ ಏನನ್ನುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.