ದಾರಿಗಲ್ಲುಗಳಿಂದ ಇಂದಿನ ರಸ್ತೆ ಫಲಕಗಳು ಕಲಿಯಬೇಕಾದದ್ದು ಇದೆಯೇ?

ಪ್ರಶ್ನೆ (ಕಲಬುರಗಿಯಿಂದ):
ಎಲ್ಲರಿಗೂ ಶರಣಾರ್ಥಿ. ಹುಮನಾಬಾದಿನಿಂದ ರಾತ್ರಿ ಬೈಕಿನಲ್ಲಿ ಮರಳುವಾಗ, ರಸ್ತೆ ಬದಿಯ ಫಲಕಕ್ಕೆ ಯಾರೋ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದರಿಂದ, ಮುಂದೆ ತಿರುವಿದೆ ಎಂಬುದು ತೀರಾ ಹತ್ತಿರ ಬಂದ ಮೇಲೆಯೇ ತಿಳಿಯಿತು. ರೋಮನ್ನರ ಮೈಲಿಗಲ್ಲು, ಮೊಘಲರ ಕೋಸ್ ಮಿನಾರ್‌ಗಳಂಥ ಹಳೆಯ ಗುರುತುಗಳಿಂದ ಇಂದಿನ ಫಲಕ ರೂಪಿಸುವವರಿಗೆ ಏನಾದರೂ ಪಾಠ ಸಿಗಬಹುದೇ?

ಉತ್ತರ 1 (ಬೀದರ್‌ನಿಂದ):
ಸಿಗುತ್ತದೆ ಸರ್, ಆದರೆ ರೋಮನ್ನರಿಗಿಂತ ಹೆಚ್ಚಾಗಿ ಕೋಸ್ ಮಿನಾರ್‌ಗಳಿಂದ. ಸುಮಾರು 30 ಅಡಿ ಎತ್ತರದ ಆ ಕಂಬಗಳು ಕೋಸಿಗೊಂದರಂತೆ, ಅಂದರೆ ಸುಮಾರು 3 ಕಿಲೋಮೀಟರಿಗೊಂದರಂತೆ, ಒಂದೇ ಬಗೆಯ ಆಕಾರದಲ್ಲಿ ನಿಂತಿದ್ದುದರಿಂದ ಅಕ್ಷರ ಬಾರದವನಿಗೂ ದೂರದಿಂದಲೇ ದಾರಿಯ ಗುರುತು ಹತ್ತುತ್ತಿತ್ತು. ನಮ್ಮೂರ ಚೌಬಾರಾವನ್ನೇ ನೋಡಿ. ಕಾವಲಿಗೆಂದು ಕಟ್ಟಿದ 71 ಅಡಿಯ ಆ ಗೋಪುರ, ಒಂದಕ್ಷರವನ್ನೂ ಓದಿಸದೆ, ಊರಿನ ನಟ್ಟನಡುವೆ ಬಂದಿದ್ದೀರಿ ಎಂದು ಇಂದಿಗೂ ಹೇಳುತ್ತದೆ. ‘ನಿಲ್ಲಿ’ ಫಲಕಕ್ಕೆ ಮಾತ್ರ ಎಂಟು ಮೂಲೆ ಇಟ್ಟಿರುವುದೂ ಇದೇ ಜಾಣತನ: ಬಣ್ಣ ಮಾಸಿದರೂ, ಹಿಂಬದಿಯಿಂದ ನೋಡಿದರೂ ಅದನ್ನು ಗುರುತಿಸಬಹುದು. ರೋಮನ್ನರ ಎಷ್ಟೋ ಮೈಲಿಗಲ್ಲುಗಳಲ್ಲಾದರೋ ಚಕ್ರವರ್ತಿಯ ಹೆಸರು, ಬಿರುದುಗಳೇ ಬಹುಪಾಲು ಜಾಗವನ್ನು ನುಂಗಿ, ದೂರದ ಅಂಕಿ ಕೊನೆಗೆ ಉಳಿಯುತ್ತಿತ್ತು. ನೀವು ಕಂಡ ಬ್ಯಾನರಿನ ವಂಶ ಬಹಳ ಹಳೆಯದು!

ಉತ್ತರ 2 (ಯಾದಗಿರಿಯಿಂದ):
ನನ್ನದು ಸ್ವಲ್ಪ ತಕರಾರಿದೆ. ಕೋಸ್ ಮಿನಾರನ್ನು ನೋಡುತ್ತಿದ್ದವನು ಕಾಲ್ನಡಿಗೆಯಲ್ಲೋ, ಎತ್ತಿನ ಬಂಡಿಯಲ್ಲೋ, ಕುದುರೆಯ ಮೇಲೋ ಬರುತ್ತಿದ್ದನು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಮೇಲಾಗಿ ಆ ಹಳೆಯ ಗುರುತುಗಳು ದೂರವನ್ನು ತಿಳಿಸುತ್ತಿದ್ದವೇ ಹೊರತು ಮುಂದಿನ ಅಪಾಯವನ್ನಲ್ಲ. ಮೋಟಾರು ಬಂದ ಮೇಲೆ, 1909ರ ಪ್ಯಾರಿಸ್ ಒಪ್ಪಂದದಲ್ಲಿ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು ಎಂಬ ನಾಲ್ಕೇ ಚಿತ್ರಗಳನ್ನು ಹಲವು ದೇಶಗಳು ಒಪ್ಪಿಕೊಂಡವು. ಪಾಠವನ್ನು ಅಲ್ಲಿಂದ ಹುಡುಕುವುದು ಮೇಲು. ಆದರೂ ನೆತ್ತಿಗೆ ಹಳದಿ ಬಳಿದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದರೆ ರಾಜ್ಯ ಹೆದ್ದಾರಿ ಎಂದು ತಿಳಿಸುವ ನಮ್ಮ ಕಿಲೋಮೀಟರ್ ಕಲ್ಲು, ಓದಿಸದೆ ತಿಳಿಸುವ ಹಳೆಯ ಗುಣವನ್ನು ಉಳಿಸಿಕೊಂಡಿದೆ ಎಂಬುದನ್ನು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈಗ ನೆನಪಾಗುತ್ತಿದೆ: ಬ್ಯಾನರಿನ ಮೇಲಂಚಿನಿಂದ ಕೆಂಪು ತ್ರಿಕೋನದ ತುದಿಯೊಂದು ಇಣುಕುತ್ತಿತ್ತು, ಅದನ್ನು ಕಂಡೇ ನಾನು ವೇಗ ತಗ್ಗಿಸಿದ್ದೆ. ಎಚ್ಚರಿಕೆ ಯಾವುದರದ್ದು ಎಂಬುದಷ್ಟೇ ತಿಳಿದಿರಲಿಲ್ಲ.