ಬೆಳಿಗ್ಗೆ ಹಕ್ಕಿ, ಸಂಜೆ ನಾಟಕ: 7ಡಿ ಮಾರ್ಕ್ 2 ತಗೊಳ್ಳಲಾ, 6ಡಿ ತಗೊಳ್ಳಲಾ?

ಮಿಂಚುಳ್ಳಿ ಹಿಂದೆ ಬಿದ್ದವ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಒಂದೇ ಕ್ಯಾಮೆರಾ ಹಿಡಿದು ಓಡಾಡಿದ್ದೇನೆ. ಅದು ಸಾಕಷ್ಟು ದುಡಿದಿದೆ, ಈಗ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಾಯಿಸಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಕಣ್ಣಿಗೆ ಬಿದ್ದಿವೆ. ಒಂದು ಕ್ಯಾನನ್ 7ಡಿ ಮಾರ್ಕ್ 2, ಇನ್ನೊಂದು ಕ್ಯಾನನ್ 6ಡಿ. ಕೇಳುತ್ತಿರುವ ದುಡ್ಡು ಹೆಚ್ಚುಕಮ್ಮಿ ಒಂದೇ. ಎರಡನ್ನೂ ಕೊಳ್ಳುವ ತಾಕತ್ತು ನನಗಿಲ್ಲ.

ನಾನು ತೆಗೆಯುವುದು ಎರಡೇ ಬಗೆ. ರಜೆ ಇದ್ದ ದಿನ ಬೆಳಿಗ್ಗೆ ಕೆರೆ ದಂಡೆಯಲ್ಲಿ ಹಕ್ಕಿ. ಸಂಜೆ ಗೆಳೆಯರ ತಂಡದ ನಾಟಕ, ಜೊತೆಗೆ ಅವರ ರಿಹರ್ಸಲ್. ನಾಟಕದ ಬೆಳಕು ಗೊತ್ತಲ್ಲ, ನಿರ್ದೇಶಕರಿಗೆ ಕತ್ತಲೆ ಅಂದರೆ ಪ್ರಾಣ.

ಕೈಯಲ್ಲಿರುವ ಲೆನ್ಸ್: ಕ್ಯಾಮೆರಾ ಜೊತೆ ಬಂದ 18-55, ಒಂದು 55-250, ಒಂದು 50 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಇದರ ಮೇಲೆ ನಮ್ಮ ಸೋದರಮಾವ ಹಕ್ಕಿ ಹುಚ್ಚು ಬಿಟ್ಟಾಗ ನನಗೆ ಕೊಟ್ಟ, ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಎಫ್ 5.6.

ನನ್ನ ತಲೆ ಕೆಟ್ಟಿರುವುದು ಇಲ್ಲಿ. ಎರಡೂ 20.2 ಮೆಗಾಪಿಕ್ಸೆಲ್. ಅಂದಮೇಲೆ ಚಿತ್ರವೂ ಒಂದೇ ಥರ ಬರಬೇಕಲ್ವಾ? ಒಬ್ಬರು "ಫುಲ್ ಫ್ರೇಮ್ 6ಡಿ ಕಣ್ಣು ಮುಚ್ಚಿ ತಗೋ" ಅನ್ನುತ್ತಾರೆ. ಇನ್ನೊಬ್ಬರು "ಹಕ್ಕಿಗೆ 6ಡಿ ತಗೊಂಡರೆ ಅಳ್ತೀಯ" ಅನ್ನುತ್ತಾರೆ. ಎರಡನ್ನೂ ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎರಡು ಬಾಡಿ ಒಂದು ಬ್ಯಾಗು:

ನನ್ನ ಬ್ಯಾಗಿನಲ್ಲಿ ಈ ಎರಡೂ ನಾಲ್ಕು ವರ್ಷ ಒಟ್ಟಿಗೆ ಇದ್ದವು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ 20.2 ವಿಷಯ. ಸಂಖ್ಯೆ ಒಂದೇ, ಆದರೆ ಅಷ್ಟು ಪಿಕ್ಸೆಲ್ ಕೂತಿರುವ ಜಾಗ ಬೇರೆ ಬೇರೆ. 6ಡಿ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸುಮಾರು 36 ಎಂಎಂ ಅಗಲ, 24 ಎಂಎಂ ಎತ್ತರ, ಇದಕ್ಕೇ ಫುಲ್ ಫ್ರೇಮ್ ಅನ್ನುವುದು. 7ಡಿ ಮಾರ್ಕ್ 2ನದು 22.4 ಎಂಎಂ ಅಗಲ, 15 ಎಂಎಂ ಎತ್ತರ. ಲೆಕ್ಕ ಹಾಕಿದರೆ 6ಡಿಯ ಜಾಗ ಎರಡೂವರೆ ಪಟ್ಟು ಜಾಸ್ತಿ. ಈ ಒಂದು ವ್ಯತ್ಯಾಸವೇ ಬೆಳಿಗ್ಗೆ ನಿಮಗೆ ಶತ್ರು, ಸಂಜೆ ಮಿತ್ರ.

ಬೆಳಿಗ್ಗೆ ಹೇಗೆ ಅಂತ ನೋಡಿ. ನಿಮ್ಮ 400 ಹಾಕಿ, ಒಂದೇ ಜಾಗದಲ್ಲಿ ನಿಂತು, ಎರಡರಲ್ಲೂ ಅದೇ ಮಿಂಚುಳ್ಳಿಯನ್ನು ತೆಗೆಯಿರಿ. ಲೆನ್ಸ್ ಸೆನ್ಸರ್ ಮೇಲೆ ಬೀಳಿಸುವ ಹಕ್ಕಿಯ ಗಾತ್ರ ಎರಡರಲ್ಲೂ ಒಂದೇ. 6ಡಿಯಲ್ಲಿ ಅದರ ಸುತ್ತ ಖಾಲಿ ನೀರು ಜಾಸ್ತಿ, ಅಷ್ಟೇ. ಆ ಖಾಲಿ ನೀರನ್ನು ಕತ್ತರಿಸಿ 7ಡಿ ಮಾರ್ಕ್ 2ರ ಚೌಕಟ್ಟಿಗೆ ತಂದರೆ ಉಳಿಯುವುದು ಹತ್ತಿರ ಹತ್ತಿರ 8 ಮೆಗಾಪಿಕ್ಸೆಲ್. 7ಡಿ ಮಾರ್ಕ್ 2ರಲ್ಲಿ ಪೂರ್ತಿ 20 ಇದೆ. "400 ಅನ್ನೋದು 640 ಆಗತ್ತೆ" ಅಂತಾರಲ್ಲ, ಅದರ ಅರ್ಥ ಇಷ್ಟೇ. ಲೆನ್ಸ್ ಬೆಳೆಯುವುದಿಲ್ಲ, ಹಕ್ಕಿಯ ಮೇಲೆ ಬೀಳುವ ಪಿಕ್ಸೆಲ್ ಜಾಸ್ತಿಯಾಗುತ್ತವೆ.

ಇನ್ನು ವೇಗ. ಮಿಂಚುಳ್ಳಿ ಕೋಲಿನ ಮೇಲೆ ಕೂತಿರುತ್ತದೆ. ತಲೆ ಒಂದು ಸಲ ಮೇಲೆ ಕೆಳಗೆ ಆಡಿಸುತ್ತದೆ. ಆಮೇಲೆ ಮೈ ಸಣ್ಣಗೆ ಬಿಗಿಯುತ್ತದೆ. ಆ ಬಿಗಿತ ಕಂಡ ಕೂಡಲೇ ಬಟನ್ ಒತ್ತಬೇಕು. ಕೋಲು ಬಿಟ್ಟು ನೀರು ಮುಟ್ಟುವುದಕ್ಕೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. 6ಡಿ ಸೆಕೆಂಡಿಗೆ 4.5 ಚಿತ್ರ. ನನಗೆ ಸಿಗುತ್ತಿದ್ದದ್ದು: ಕೂತ ಹಕ್ಕಿ, ಖಾಲಿ ಕೋಲು, ಖಾಲಿ ಕೋಲು, ನೀರಿನ ಚಿಮ್ಮು. ಹಕ್ಕಿ ನಡುವೆ ಎಲ್ಲೋ ಹೋಯಿತು! 7ಡಿ ಮಾರ್ಕ್ 2 ಸೆಕೆಂಡಿಗೆ 10 ತೆಗೆಯುತ್ತದೆ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ದೊಡ್ಡ ಫೈಲ್) ಸುಮಾರು 3 ಸೆಕೆಂಡ್ ಎಡೆಬಿಡದೆ ಹೊಡೆಯಬಹುದು. ಆಮೇಲೆ ಬಫರ್ (ಕಾರ್ಡಿಗೆ ಹೋಗುವ ಮುಂಚೆ ಚಿತ್ರ ಕಾಯುವ ಜಾಗ) ತುಂಬಿ ಉಸಿರು ಎಳೆದುಕೊಳ್ಳುತ್ತದೆ. ಇಷ್ಟಿದ್ದರೂ ನನಗೆ ರೆಕ್ಕೆ ಮಡಚಿ ಬೀಳುವ ಮಿಂಚುಳ್ಳಿ ನೆಟ್ಟಗೆ ಸಿಕ್ಕಿದ್ದು ಎರಡೇ ಸಲ. ಕ್ಯಾಮೆರಾ ಕೊಂಡ ಮರುದಿನವೇ ಸಿಗುತ್ತದೆ ಅಂತ ಅಂದ್ಕೋಬೇಡಿ.

7ಡಿ ಮಾರ್ಕ್ 2ರಲ್ಲಿ ಫೋಕಸ್ ಪಾಯಿಂಟ್ 65, ಎಲ್ಲವೂ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವಂಥವು. 6ಡಿಯಲ್ಲಿ 11, ಅದರಲ್ಲಿ ಕ್ರಾಸ್ ಟೈಪ್ ಮಧ್ಯದ ಒಂದೇ. ಮುಂದೊಂದು ದಿನ ನಿಮ್ಮ 400ಕ್ಕೆ 1.4 ಕನ್ವರ್ಟರ್ (400 ಅನ್ನು 1.4 ಪಟ್ಟು ಮಾಡುವ ಚಿಕ್ಕ ಲೆನ್ಸ್) ಸೇರಿಸಿದರೆ ಎಫ್ 8 ಆಗುತ್ತದೆ. ಆಗಲೂ 7ಡಿ ಮಾರ್ಕ್ 2ರ ಮಧ್ಯದ ಪಾಯಿಂಟ್ ಫೋಕಸ್ ಮಾಡುತ್ತದೆ. 6ಡಿ ಎಫ್ 5.6ಕ್ಕೇ ನಿಂತುಬಿಡುತ್ತದೆ. ಒಂದು ಮಾತು, ನಿಮ್ಮ ಮಾವನ ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈ ನಡುಗಿದರೂ ಚಿತ್ರ ಕದಡದಂತೆ ತಡೆಯುವ ವ್ಯವಸ್ಥೆ) ಇಲ್ಲ. ಯಾವ ಬಾಡಿ ತಗೊಂಡರೂ ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ಅಥವಾ ಟ್ರೈಪಾಡ್ ಹೊರಿ.

ಈಗ ಸಂಜೆ. ಇಲ್ಲಿ 6ಡಿ ರಾಜ. ಅಷ್ಟೇ ಪಿಕ್ಸೆಲ್, ಎರಡೂವರೆ ಪಟ್ಟು ಜಾಗ, ಅಂದರೆ ಒಂದೊಂದು ಪಿಕ್ಸೆಲ್‌ಗೂ ಸಿಗುವ ಬೆಳಕು ಜಾಸ್ತಿ. ಐಎಸ್‌ಒ (ಕತ್ತಲಲ್ಲಿ ಚಿತ್ರ ಬೆಳ್ಳಗಾಗಿಸಲು ಏರಿಸುವ ಸಂಖ್ಯೆ) 6400ರಲ್ಲಿ 6ಡಿ ತೆಗೆದ ಮುಖ ಮುಖದ ಹಾಗೇ ಇರುತ್ತದೆ, ಹಿಂದಿನ ಕಪ್ಪು ಪರದೆ ಕಪ್ಪಾಗೇ ಇರುತ್ತದೆ. 7ಡಿ ಮಾರ್ಕ್ 2ರಲ್ಲಿ ಅದೇ ಪರದೆ ಮೇಲೆ ಯಾರೋ ಮರಳು ಎರಚಿದ ಹಾಗೆ ಕಾಣುತ್ತದೆ. ನಾನು ಅದರಲ್ಲಿ 3200 ದಾಟುವುದನ್ನೇ ಬಿಟ್ಟಿದ್ದೆ. ಕತ್ತಲಲ್ಲಿ ಫೋಕಸ್ ಹಿಡಿಯುವುದರಲ್ಲಿ ಮಾತ್ರ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ, ಮಧ್ಯದ ಪಾಯಿಂಟ್ ಎರಡರಲ್ಲೂ ಮೈನಸ್ 3 ಇವಿ ತನಕ, ಅಂದರೆ ಬೆಳದಿಂಗಳಷ್ಟು ಬೆಳಕಲ್ಲೂ ಕೆಲಸ ಮಾಡುತ್ತದೆ.

ಯಾರೂ ಮೊದಲು ಹೇಳದ ವಿಷಯ ಇನ್ನೊಂದಿದೆ. ನಿಮ್ಮ 18-55 ಮತ್ತು 55-250 ಇಎಫ್-ಎಸ್, ಅಂದರೆ ಚಿಕ್ಕ ಸೆನ್ಸರಿಗೆ ಮಾತ್ರ ಮಾಡಿದ ಲೆನ್ಸ್‌ಗಳು. 6ಡಿಗೆ ಅವು ಕೂರುವುದೇ ಇಲ್ಲ. 6ಡಿ ತಗೊಂಡ ದಿನ ನಿಮ್ಮ ಹತ್ತಿರ ಉಳಿಯುವುದು 50 ಮತ್ತು 400, ನಡುವೆ ಬರೀ ಗಾಳಿ.

ನಿರ್ಧಾರಕ್ಕೆ ಮೊದಲು ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದಲ್ಲಿ ನೀವು ಅಳಿಸದೆ ಉಳಿಸಿಕೊಂಡ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಫೋಕಲ್ ಲೆಂಗ್ತ್ (ಲೆನ್ಸಿನ ಎಂಎಂ ಸಂಖ್ಯೆ) ಮತ್ತು ಐಎಸ್‌ಒ ಪ್ರಕಾರ ಬೇರ್ಪಡಿಸಿ. ಮನಸ್ಸು ಒಂದು ಹೇಳುತ್ತಿರುತ್ತದೆ, ಫೈಲು ಇನ್ನೊಂದು ಹೇಳುತ್ತದೆ.

ಮೂರನೇ ಸಾಲಿನವಳು:

ನಾನು ಬರೀ ನಾಟಕ, ನೃತ್ಯ ತೆಗೆಯುವವಳು. ಮೇಲಿನವರ ಮಾತು ಮುಕ್ಕಾಲು ಒಪ್ಪುತ್ತೇನೆ. "6ಡಿ ರಾಜ" ಅನ್ನುವುದಕ್ಕೆ ಸ್ವಲ್ಪ ತಕರಾರಿದೆ.

ಒಂದು, ರಿಹರ್ಸಲ್. ಅಲ್ಲಿ ಸ್ಟೇಜ್ ಲೈಟ್ ಇರುವುದಿಲ್ಲ, ಟ್ಯೂಬ್‌ಲೈಟ್ ಇರುತ್ತದೆ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹತ್ತಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗಲ್ಲ, 1/500ರ ಶಟರ್‌ಗೆ ಗೊತ್ತಾಗತ್ತೆ. ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದು ಹಳದಿ. 7ಡಿ ಮಾರ್ಕ್ 2ರಲ್ಲಿ ಆ್ಯಂಟಿ ಫ್ಲಿಕರ್ ಇದೆ. ಬೆಳಕು ಮೇಲೇರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. 6ಡಿಯಲ್ಲಿ ಅದಿಲ್ಲ. ಆದರೆ ಎಲ್ಲಾ ಎಲ್‌ಇಡಿ ದೀಪಕ್ಕೂ ಇದು ಮದ್ದಲ್ಲ, ಕೆಲವು ಬೇರೆ ತಾಳದಲ್ಲಿ ಮಿಣುಕುತ್ತವೆ.

ಎರಡು, ಪಾಯಿಂಟ್ ಬದಲಾಯಿಸುವುದು. ನಟ ಬಲಕ್ಕೆ ಸರಿದ, ನನ್ನ ಹೆಬ್ಬೆರಳು ಜಾಯ್‌ಸ್ಟಿಕ್ ಮೇಲೆ ಇದ್ದರೆ ಪಾಯಿಂಟೂ ಸರಿಯಿತು. 6ಡಿಯಲ್ಲಿ ಜಾಯ್‌ಸ್ಟಿಕ್ ಇಲ್ಲ. ಎಲ್ಲರೂ ಮಧ್ಯದ ಪಾಯಿಂಟ್‌ನಲ್ಲಿ ಫೋಕಸ್ ಹಿಡಿದು ಕ್ಯಾಮೆರಾ ತಿರುಗಿಸುತ್ತಾರೆ. ಎಫ್ 1.8ರಲ್ಲಿ ಅಷ್ಟು ತಿರುಗಿಸುವಷ್ಟರಲ್ಲಿ ಕಣ್ಣು ಹೋಗಿ ಕಿವಿ ಶಾರ್ಪ್ ಆಗಿರುತ್ತದೆ. ನನ್ನತ್ರ ಅಂಥ ಶಾರ್ಪ್ ಕಿವಿಗಳ ದೊಡ್ಡ ಸಂಗ್ರಹವೇ ಇದೆ.

ಮೂರು, ಕಾರ್ಡ್. 7ಡಿ ಮಾರ್ಕ್ 2ಕ್ಕೆ ಹಳೇ ಬಗೆಯ ದೊಡ್ಡ ಸಿಎಫ್ ಕಾರ್ಡ್ ಒಂದು, ಚಿಕ್ಕ ಎಸ್‌ಡಿ ಕಾರ್ಡ್ ಒಂದು, ಎರಡರಲ್ಲೂ ಒಟ್ಟಿಗೆ ಬರೆಸಬಹುದು. 6ಡಿಗೆ ಒಂದೇ ಎಸ್‌ಡಿ. ಒಂದು ಸಲ ಕೊನೆಯ ಪ್ರದರ್ಶನದ ದಿನ ನನ್ನ ಕಾರ್ಡ್ ಕೈಕೊಟ್ಟಿತು. ಮನೆಗೆ ಬಂದು ರೀಡರಿಗೆ ಹಾಕಿದರೆ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿತು. ಇಡೀ ಎರಡನೇ ಅಂಕ ಹೋಯಿತು. ತಂಡದವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು.

ಇಷ್ಟೆಲ್ಲ ಹೇಳಿಯೂ ನಾನು ಪ್ರದರ್ಶನಕ್ಕೆ ಒಯ್ಯುವುದು 6ಡಿಯನ್ನೇ. ಅದರ ಸೈಲೆಂಟ್ ಮೋಡ್ ನಿಜವಾಗಿ ಮೆತ್ತಗಿದೆ. ನೀವು ಏನೇ ತಗೊಂಡರೂ ಮೌನದ ದೃಶ್ಯದಲ್ಲಿ ಸೆಕೆಂಡಿಗೆ 10 ಹೊಡೆಯಬೇಡಿ. ಮುಂದಿನ ಸಾಲಿನವರು ತಿರುಗಿ ನೋಡುವ ನೋಟ ಇದೆಯಲ್ಲ, ಅದಕ್ಕೆ ಯಾವ ಐಎಸ್‌ಒ ಕೂಡ ಸಾಲದು.

ಕನ್ನಡಿ ಬೇಡದವ:

ಮಾರಾಯ್ರೇ, 6ಡಿ ಬಂದದ್ದು 2012ರಲ್ಲಿ, 7ಡಿ ಮಾರ್ಕ್ 2 ಬಂದದ್ದು 2014ರಲ್ಲಿ. ಇನ್ನೂ ಇವೇ ಯಾಕೆ? ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ, ಬೇಕಾದರೆ ಶಟರ್ ಸದ್ದೇ ಇಲ್ಲದೆ ತೆಗೆಯಬಹುದು. ನಿಮ್ಮ 400 ಅಡಾಪ್ಟರ್ ಹಾಕಿದರೆ ಅದಕ್ಕೂ ಕೂರುತ್ತದೆ.

ಎರಡು ಬಾಡಿ ಒಂದು ಬ್ಯಾಗು:

ನಿಜ, ದುಡ್ಡಿದ್ದರೆ ಅದೇ ಸರಿ. ಅವರು ಇಲ್ಲ ಅಂದಿದ್ದಾರಲ್ಲ. ಈ ದುಡ್ಡಿಗೆ ಸಿಗುವ ಮೊದಲ ಕಾಲದ ಮಿರರ್‌ಲೆಸ್‌ಗಳಲ್ಲಿ ಹಾರುವ ಹಕ್ಕಿ ಹಿಡಿಯಲು ನೋಡಿ ಸುಸ್ತಾಗಿದ್ದೇನೆ. ವ್ಯೂಫೈಂಡರಿನಲ್ಲಿ ಕಾಣುವುದು ಹಕ್ಕಿ ಆಗಲೇ ಬಿಟ್ಟುಹೋದ ಜಾಗ. ಅವುಗಳ ಬ್ಯಾಟರಿಯೂ ಬೇಗ ಮುಗಿಯುತ್ತದೆ, 6ಡಿ ಒಂದು ಚಾರ್ಜಿಗೆ ಸುಮಾರು 1,090 ಚಿತ್ರ ಅಂತ ಕಂಪನಿ ಲೆಕ್ಕ. 7ಡಿ ಮಾರ್ಕ್ 2ಕ್ಕೆ 670.

ಮಿಂಚುಳ್ಳಿ ಹಿಂದೆ ಬಿದ್ದವ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಕೆಲಸ ಮಾಡಿದೆ, ಎರಡು ರಾತ್ರಿ ಹಿಡಿಯಿತು.

ಉಳಿಸಿಕೊಂಡ ಚಿತ್ರ ಒಟ್ಟು 1,912. ಅದರಲ್ಲಿ 400ರಲ್ಲಿ ತೆಗೆದದ್ದು 1,140. ನಾನು ನಾಟಕವೇ ಜಾಸ್ತಿ ತೆಗೆಯುತ್ತೇನೆ ಅಂದುಕೊಂಡಿದ್ದೆ! ಆ 1,140ರಲ್ಲಿ ಹಾರುವ ಹಕ್ಕಿ ಬರೀ 31. ಉಳಿದದ್ದೆಲ್ಲ ಕೂತದ್ದು. ಹಾಗಾದರೆ ನನಗೆ ಸೆಕೆಂಡಿಗೆ 10 ಯಾಕೆ ಬೇಕು ಅಂತ ಒಂದು ಕ್ಷಣ ಅನಿಸಿತು. ಆಮೇಲೆ ಆ ಕೂತ ಹಕ್ಕಿಗಳನ್ನೇ ಒಂದೊಂದಾಗಿ ತೆರೆದು ನೋಡಿದೆ. ಹೆಚ್ಚಿನವನ್ನು ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದ್ದೇನೆ. ಹಕ್ಕಿ ಕೂತರೂ ದೂರವೇ ಕೂರುತ್ತದೆ.

ನಿನ್ನೆ ಹೋಗಿ ಎರಡೂ ಬಾಡಿಗೆ ನನ್ನ ಲೆನ್ಸ್ ಹಾಕಿ ನೋಡಿದೆ. 6ಡಿಯಲ್ಲಿ 50 ಹಾಕಿ ಕೋಣೆಯ ಕತ್ತಲೆ ಮೂಲೆ ತೆಗೆದೆ. ಆ ಚಿತ್ರ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಹೇಳಲ್ಲ. ಅದೇ 6ಡಿಗೆ 400 ಹಾಕಿ ಎದುರು ಕಂಬದ ಮೇಲಿನ ಕಾಗೆ ನೋಡಿದರೆ ಕಾಗೆ ಇನ್ನೊಂದು ಊರಿಗೆ ಹೋದ ಹಾಗಿತ್ತು.

ಕೊನೆಗೆ ಯೋಚಿಸಿದ್ದು ಹೀಗೆ. ನಾಟಕದಲ್ಲಿ ನಾನು ಒಂದು ಸಾಲು ಮುಂದೆ ಕೂರಬಹುದು. 85 ಎಫ್ 1.8 ಯಾರ ಹತ್ತಿರವಾದರೂ ಇಸ್ಕೋಬಹುದು. ಲೈಟ್ ಹಿಡಿಯುವ ಹುಡುಗನಿಗೆ "ಸ್ವಲ್ಪ ಏರಿಸೋ" ಅನ್ನಬಹುದು. ಮಿಂಚುಳ್ಳಿಗೆ "ಹತ್ತಿರ ಬಾ" ಅನ್ನಲಿಕ್ಕಾಗಲ್ಲ. 7ಡಿ ಮಾರ್ಕ್ 2 ತಗೊಂಡೆ. ಶಟರ್ ಲೆಕ್ಕ (ಈ ತನಕ ತೆಗೆದ ಚಿತ್ರಗಳ ಸಂಖ್ಯೆ) ತೋರಿಸಿದರು, 38 ಸಾವಿರ. ಶಟರ್ ಬಾಳಿಕೆ ಕಂಪನಿ ಹೇಳುವುದು 2 ಲಕ್ಷ, ಸಾಕಲ್ವಾ?

ಇನ್ನೊಂದು ಸಣ್ಣ ಸಮಸ್ಯೆ. ಅದರ ಜೊತೆ ಒಂದು ಸಿಎಫ್ ಕಾರ್ಡ್ ಸುಮ್ನೆ ಕೊಟ್ಟರು. ನನ್ನ ರೀಡರಿನಲ್ಲಿ ಎಸ್‌ಡಿ ಮಾತ್ರ ಹೋಗುತ್ತದೆ. ಎಸ್‌ಡಿ ಒಂದರಲ್ಲೇ ನಡೆಸಲಾ?

ಎರಡು ಬಾಡಿ ಒಂದು ಬ್ಯಾಗು:

ಶುಭವಾಗಲಿ. 38 ಸಾವಿರ ಏನೂ ಅಲ್ಲ.

ಎಸ್‌ಡಿ ಒಂದರಲ್ಲೇ ನಡೆಯುತ್ತದೆ. ಆದರೆ ಹಕ್ಕಿಗೆ ಒಂದೇ ಸಮನೆ ಹೊಡೆಯುವಾಗ ವೇಗದ ಸಿಎಫ್ ಇದ್ದರೆ ಬಫರ್ ಬೇಗ ಖಾಲಿಯಾಗುತ್ತದೆ. ರೀಡರ್ ತಗೊಳ್ಳಿ. ರೀಡರ್ ಬರುವ ತನಕ ಯುಎಸ್‌ಬಿ ಕೇಬಲ್ ಹಾಕಿ ಕ್ಯಾಮೆರಾದಿಂದಲೇ ಇಳಿಸಿಕೊಳ್ಳಿ. ಸಿಎಫ್ ಕಾರ್ಡ್ ಹಾಕುವಾಗ ಮಾತ್ರ ಅವಸರ ಬೇಡ. ಒಳಗೆ ಕೂದಲೆಳೆಯಂಥ ಪಿನ್‌ಗಳ ಎರಡು ಸಾಲು ಇದೆ. ಕಾರ್ಡ್ ನೇರವಾಗಿ ಜಾರಿದರೆ ಮಾತ್ರ ಒತ್ತಿ. ತಡೆದ ಹಾಗೆ ಅನಿಸಿದರೆ ತೆಗೆದು ಮತ್ತೆ ಹಾಕಿ. ಒಂದು ಪಿನ್ ಬಾಗಿದರೆ ರಿಪೇರಿಗೆ ಬಾಡಿ ಬಿಚ್ಚಬೇಕು. ನಾನು ಒಮ್ಮೆ ಟಾರ್ಚ್ ಹಿಡಿದು ಸೂಜಿಯಲ್ಲಿ ನೆಟ್ಟಗೆ ಮಾಡಿದ್ದೇನೆ, ನೀವು ಮಾಡಬೇಡಿ.

ಮೂರನೇ ಸಾಲಿನವಳು:

ರಿಹರ್ಸಲ್‌ಗೆ ಹೋಗುವ ಮುಂಚೆ ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಆನ್ ಮಾಡಿ, ತಾನಾಗೇ ಆನ್ ಇರಲ್ಲ. ಬೀಪ್ ಆಫ್ ಮಾಡಿ. ಅದು ತಾನಾಗೇ ಆನ್ ಇರತ್ತೆ.